ಬಿಟ್ಟಿ ಕೂಳು, ಬಿಟ್ಟಿ ಚಾಕರಿ, ಒಂದು ನೋಟಿಸು: ಬ್ರಿಟನ್ನಿನ ರೀಲಿ–ವಿಲ್ಸನ್ ಪ್ರಕರಣ

ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಜೇಮಿಸನ್ ವಿಲ್ಸನ್ ಅವರಿಗೆ ಸರ್ಕಾರದಿಂದ ಒಂದು ಪತ್ರ ಬಂತು. ತಾರೀಖು 2011ರ ನವೆಂಬರ್ 16. ವಿಲ್ಸನ್ ಮೆಕ್ಯಾನಿಕ್ ಕೆಲಸ ಕಲಿತವರು, 1994ರಿಂದ 2008ರವರೆಗೆ ಭಾರಿ ಲಾರಿ ಓಡಿಸಿದವರು. ಆಮೇಲೆ ಕೆಲಸ ಹೋಯಿತು, ನಿರುದ್ಯೋಗ ಭತ್ಯೆಯ ಮೇಲೆ ದಿನ ದೂಡುತ್ತಿದ್ದರು. ಪತ್ರದ ಸಾರ ಇಷ್ಟು: ಭತ್ಯೆ ಮುಂದುವರಿಯಬೇಕಿದ್ದರೆ ನೀವು ‘ಕಮ್ಯುನಿಟಿ ಆ್ಯಕ್ಷನ್ ಪ್ರೋಗ್ರಾಂ’ನಲ್ಲಿ ಭಾಗವಹಿಸಬೇಕು. ನಾವು ಸಾಕು ಎನ್ನುವವರೆಗೆ, ಇಲ್ಲವೇ ನಿಮ್ಮ ಭತ್ಯೆ ಮುಗಿಯುವವರೆಗೆ. ಗುತ್ತಿಗೆ ಪಡೆದ ಸಂಸ್ಥೆ ಏನು ಹೇಳುತ್ತದೋ ಅದನ್ನು ಮಾಡಬೇಕು. ತಪ್ಪಿದರೆ 26 ವಾರಗಳವರೆಗೂ ಭತ್ಯೆ ನಿಲ್ಲಬಹುದು.

ಏನು ಕೆಲಸ? ಪತ್ರದಲ್ಲಿ ಇರಲಿಲ್ಲ. ಬಾಯಿಮಾತಿನಲ್ಲಿ ತಿಳಿದುಬಂದದ್ದು: ಜನ ಬಿಸಾಕಿದ ಹಳೆಯ ಕುರ್ಚಿ, ಮೇಜು, ಕಪಾಟುಗಳನ್ನು ತಂದು ಒರೆಸಿ, ರಿಪೇರಿ ಮಾಡಿ ಇಲ್ಲದವರಿಗೆ ಹಂಚುವ ಒಂದು ಸಂಸ್ಥೆಯಲ್ಲಿ ವಾರಕ್ಕೆ 30 ಗಂಟೆ, ಆರು ತಿಂಗಳು. ಸಂಬಳ ಇಲ್ಲ, ಬರುತ್ತಿರುವ ಭತ್ಯೆಯೇ ಸಂಬಳ ಎಂದುಕೊಳ್ಳಬೇಕು.

ಲೆಕ್ಕ ಹಾಕಿ ನೋಡೋಣ. ಆ ವರ್ಷ 25 ದಾಟಿದವರಿಗೆ ಸಿಗುತ್ತಿದ್ದ ಭತ್ಯೆ ವಾರಕ್ಕೆ 67.50 ಪೌಂಡ್. ಮೂವತ್ತು ಗಂಟೆಗೆ ಹಂಚಿದರೆ ಗಂಟೆಗೆ 2.25 ಪೌಂಡ್. ಆಗ ಅಲ್ಲಿನ ಕನಿಷ್ಠ ವೇತನ ಗಂಟೆಗೆ 6.08 ಪೌಂಡ್. ಅಂದರೆ ಅಂಗಡಿಯಲ್ಲೋ ಗೋದಾಮಿನಲ್ಲೋ ಪಕ್ಕದಲ್ಲಿ ನಿಂತು ಅದೇ ಕೆಲಸ ಮಾಡುವವನಿಗೆ ಸಿಗುವುದರ ಅರ್ಧವೂ ಇಲ್ಲ.

ವಿಲ್ಸನ್ ಆಗುವುದಿಲ್ಲ ಎಂದರು. ಕೂಲಿಯಿಲ್ಲದ ಕೆಲಸ, ಅದೂ ನನ್ನ ಕಸುಬಿಗೆ ಸಂಬಂಧವಿಲ್ಲದ್ದು, ಇದರಿಂದ ನನಗೆ ಲಾರಿ ಓಡಿಸುವ ಕೆಲಸ ಹೇಗೆ ಸಿಗುತ್ತದೆ ಎಂಬುದು ಅವರ ವಾದ. ಆರು ತಿಂಗಳ ಭತ್ಯೆ ಹೋಯಿತು.

ಪೆನ್ನಿನ ಮ್ಯೂಸಿಯಂನಿಂದ ಪೌಂಡ್ ಅಂಗಡಿಗೆ

ಪ್ರಕರಣಕ್ಕೆ ಹೆಸರು ತಂದುಕೊಟ್ಟವರು ಇನ್ನೊಬ್ಬರು, ಕೇಟ್ ರೀಲಿ. ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಓದಿ 2010ರಲ್ಲಿ ಪದವಿ ಪಡೆದ ಹುಡುಗಿ. ಕೆಲಸ ಸಿಗಲಿಲ್ಲ, 25ರೊಳಗಿನವರಿಗೆ ಇದ್ದ ವಾರಕ್ಕೆ 53.45 ಪೌಂಡ್ ಭತ್ಯೆ ಬರುತ್ತಿತ್ತು. ಮ್ಯೂಸಿಯಂಗಳಲ್ಲಿ ಕೆಲಸ ಮಾಡಬೇಕೆಂಬ ಆಸೆಯಿಂದ ಅದೇ ಊರಿನ ಜ್ಯುವೆಲರಿ ಕ್ವಾರ್ಟರ್‌ನ ಪೆನ್ನಿನ ಮ್ಯೂಸಿಯಂನಲ್ಲಿ ತಾನಾಗಿಯೇ ಸಂಬಳವಿಲ್ಲದೆ ದುಡಿಯುತ್ತಿದ್ದರು. 19ನೇ ಶತಮಾನದಲ್ಲಿ ಜಗತ್ತು ಬರೆಯುತ್ತಿದ್ದ ಉಕ್ಕಿನ ನಿಬ್ಬುಗಳ ಬಹುಪಾಲು ತಯಾರಾದದ್ದು ಆ ಬೀದಿಗಳಲ್ಲೇ. ಅಂಥ ಜಾಗದಲ್ಲಿ ಬಂದವರಿಗೆ ಇತಿಹಾಸ ಹೇಳಿಕೊಡುವುದು ಮುಂದಿನ ಕೆಲಸಕ್ಕೆ ನೇರವಾಗಿ ಒದಗುವ ಅನುಭವ.

2011ರ ಶರತ್ಕಾಲದಲ್ಲಿ ಉದ್ಯೋಗ ಕಚೇರಿಯ ಸಲಹೆಗಾರರು ಚಿಲ್ಲರೆ ವ್ಯಾಪಾರದ ಒಂದು ತರಬೇತಿಯ ಬಗ್ಗೆ ಹೇಳಿದರು. ರೀಲಿ ಬೇಡ ಎಂದಾಗ, ಇದು ಕಡ್ಡಾಯ, ಹೋಗದಿದ್ದರೆ ಭತ್ಯೆಗೆ ಕುತ್ತು ಎಂಬ ಉತ್ತರ ಬಂತು. ಮ್ಯೂಸಿಯಂ ಬಿಟ್ಟು ಎರಡು ವಾರ ಪೌಂಡ್‌ಲ್ಯಾಂಡ್ ಎಂಬ ಅಂಗಡಿಯಲ್ಲಿ ಕಪಾಟು ತುಂಬಿಸುವುದು, ನೆಲ ಗುಡಿಸುವುದು. ಆಗ ಎಲ್ಲವೂ ಒಂದು ಪೌಂಡಿಗೆ ಸಿಗುತ್ತಿದ್ದ ಅಂಗಡಿ ಅದು. ನಮ್ಮ ಜಾತ್ರೆಗಳಲ್ಲಿ ‘ಯಾವ್ದ್ ತಗೊಂಡ್ರೂ ಹತ್ತು ರೂಪಾಯಿ’ ಎಂದು ಕೂಗುತ್ತಾರಲ್ಲ, ಅದರ ದೊಡ್ಡ ರೂಪ.

ನನ್ನ ಮಟ್ಟಿಗೆ ಇಡೀ ಪ್ರಕರಣ ನಿಂತಿರುವುದು ಇನ್ನೊಂದು ಸಂಗತಿಯ ಮೇಲೆ. ಆ ತರಬೇತಿ ಕಡ್ಡಾಯವೇ ಆಗಿರಲಿಲ್ಲ. ಸೇರುವುದು ಬಿಡುವುದು ಆಕೆಯ ಇಷ್ಟ ಎಂದೇ ನಿಯಮದಲ್ಲಿತ್ತು. ಆಕೆಗೆ ಹೇಳಿದ್ದು ಮಾತ್ರ ತಿರುಗಾಮುರುಗಾ. ಇನ್ನು ಕಾನೂನು ಕೇಳುತ್ತಿದ್ದ ಲಿಖಿತ ನೋಟಿಸು, ಅದನ್ನು ಆಕೆಗೆ ಕೊಟ್ಟೇ ಇರಲಿಲ್ಲ. ಸರ್ಕಾರವೂ ಮುಂದೆ ಕೋರ್ಟಿನಲ್ಲಿ ಇದನ್ನು ಒಪ್ಪಿಕೊಂಡಿತು.

ಬಿಟ್ಟಿ ಎಂಬ ಗರಗಸ

ಇಬ್ಬರೂ ಕೋರ್ಟಿಗೆ ಹೋದ ಸುದ್ದಿ ಹಬ್ಬುತ್ತಲೇ ಊರೆಲ್ಲ ಎರಡು ಪಾಳಯ. ‘ಬಿಟ್ಟಿ’ ಎಂಬ ನಮ್ಮ ಪದವನ್ನು ಮುಂದಿಟ್ಟರೆ ಆ ಜಗಳ ಚೆನ್ನಾಗಿ ಅರ್ಥವಾಗುತ್ತದೆ. ಸಂಸ್ಕೃತದ ‘ವಿಷ್ಟಿ’ಯಿಂದ ಬಂದದ್ದು ಅದು, ಮೂಲ ಅರ್ಥ, ಅರಸನೋ ಊರ ಗೌಡನೋ ಕೂಲಿ ಕೊಡದೆ ಮಾಡಿಸಿಕೊಳ್ಳುವ ದುಡಿಮೆ. ಬಿಟ್ಟಿ ಬೇಗಾರಿ ಎನ್ನುವಾಗ ಇರುವುದು ಅದೇ. ಬರುಬರುತ್ತ ಅರ್ಥ ಮಗುಚಿಕೊಂಡು, ದುಡಿಯದೆ ತಿನ್ನುವುದಕ್ಕೂ ಬಿಟ್ಟಿ ಎನ್ನುವಂತಾಯಿತು. ಹೋಗುತ್ತಲೂ ಕೊಯ್ಯುವ, ಬರುತ್ತಲೂ ಕೊಯ್ಯುವ ಗರಗಸದಂಥ ಪದ. ಬ್ರಿಟನ್ನಿನ ಒಂದು ಗುಂಪು ರೀಲಿಯನ್ನು ಬಿಟ್ಟಿ ಕೂಳಿನವಳು ಎಂದಿತು. ಇನ್ನೊಂದು ಗುಂಪು ಸರ್ಕಾರ ಬಿಟ್ಟಿ ಚಾಕರಿ ಮಾಡಿಸುತ್ತಿದೆ ಎಂದಿತು.

ಆಗ ಭತ್ಯೆಯನ್ನು ನೋಡಿಕೊಳ್ಳುವ ಉದ್ಯೋಗ–ಪಿಂಚಣಿ ಖಾತೆಯ ಸಚಿವರಾಗಿದ್ದವರು ಇಯಾನ್ ಡಂಕನ್ ಸ್ಮಿತ್. ಅಂಗಡಿಗೆ ಹೋದಾಗ ಬೇಕಾದ ಸಾಮಾನು ಸಿಗದಿದ್ದರೆ ಯಾರು ಮುಖ್ಯ ಅನ್ನಿಸುತ್ತಾರೆ, ಭೂವಿಜ್ಞಾನಿಯೋ ಕಪಾಟು ತುಂಬಿಸಿದವನೋ ಎಂಬ ಅರ್ಥದ ಮಾತನ್ನು ಅವರು ಟಿ.ವಿ.ಯಲ್ಲಿ ಆಡಿದರು. ಕೇಳುವುದಕ್ಕೆ ದುಡಿಮೆಯ ಗೌರವ ಎತ್ತಿಹಿಡಿದ ಮಾತಿನಂತೆಯೇ ಇದೆ. ಆದರೆ ರೀಲಿ ಆ ಹೊತ್ತಿಗೆ ಒಂದು ಸೂಪರ್‌ಮಾರ್ಕೆಟ್‌ನಲ್ಲೇ ಅರೆಕಾಲಿಕ ಕೆಲಸದಲ್ಲಿದ್ದರು, ಸಂಬಳಕ್ಕೆ. ಅಂಗಡಿ ಕೆಲಸ ಕೀಳು ಎಂದು ನಾನು ಹೇಳಿಲ್ಲ, ಮಾಡಿದ ಕೆಲಸಕ್ಕೆ ಸಂಬಳ ಕೇಳುತ್ತಿದ್ದೇನೆ ಎಂಬುದಷ್ಟೇ ಆಕೆಯ ನಿಲುವು. ಕಪಾಟು ತುಂಬಿಸುವವನು ಅಷ್ಟು ಮುಖ್ಯನಾದರೆ ಅವನಿಗೆ ಕೂಲಿ ಕೊಡುವುದಕ್ಕೇನು ಕಷ್ಟ ಎಂದು ಸಚಿವರನ್ನು ಯಾರಾದರೂ ಕೇಳಬೇಕಿತ್ತು.

ಕೋರ್ಟಿನಲ್ಲಿ ನಿಂತ ವಾದ, ನಿಲ್ಲದ ವಾದ

ಅರ್ಜಿದಾರರ ಬಳಿ ಎರಡು ಅಸ್ತ್ರಗಳಿದ್ದವು. ಒಂದು ದೊಡ್ಡದು: ಇದು ಯುರೋಪಿಯನ್ ಮಾನವ ಹಕ್ಕುಗಳ ಒಡಂಬಡಿಕೆಯ 4ನೇ ವಿಧಿ ನಿಷೇಧಿಸುವ ಬಲವಂತದ ದುಡಿಮೆ. ಇನ್ನೊಂದು ಚಿಕ್ಕದು, ಪತ್ರಿಕೆಗಳಿಗೆ ತಲೆಬರಹ ಆಗದಂಥದ್ದು: ಸಂಸತ್ತು ಮಾಡಿದ ಕಾಯ್ದೆಯ ಅಳತೆಯೊಳಗೆ ಸರ್ಕಾರ ನಿಯಮ ಬರೆದಿಲ್ಲ.

ದೊಡ್ಡ ಅಸ್ತ್ರ ಒಂದೊಂದು ಮೆಟ್ಟಿಲಲ್ಲೂ ಸೋತಿತು. ಸುಪ್ರೀಂ ಕೋರ್ಟ್ 2013ರ ಅಕ್ಟೋಬರ್ 30ರಂದು ಕೊಟ್ಟ ಅಂತಿಮ ತೀರ್ಪಿನ ತರ್ಕ ಹೀಗಿದೆ: ಭತ್ಯೆಯನ್ನು ಕೊಡುತ್ತಿರುವುದೇ ಕೆಲಸ ಹುಡುಕುವವನಿಗೆ ನೆರವಾಗಲೆಂದು, ಅದಕ್ಕೊಂದು ಷರತ್ತು ಹಾಕುವುದು 4ನೇ ವಿಧಿ ತಡೆಯಹೊರಟ ಶೋಷಣೆಯ ಹತ್ತಿರಕ್ಕೂ ಬರುವುದಿಲ್ಲ.

ಭಾರತದ ಓದುಗರಿಗೆ ಇಲ್ಲಿ ತಡವರಿಕೆಯಾಗುವುದು ಸಹಜ. ನಮ್ಮ ಸಂವಿಧಾನದ 23ನೇ ವಿಧಿಯಲ್ಲಿ ‘ಬೇಗಾರ್’ ಎಂಬ ಪದವೇ ಇದೆ. ದೆಹಲಿಯ ಏಷ್ಯನ್ ಕ್ರೀಡಾಕೂಟಕ್ಕೆ ಕಟ್ಟಡ ಕಟ್ಟಿದವರ 1982ರ ಏಷ್ಯಾಡ್ ಕಾರ್ಮಿಕರ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಪಿ.ಎನ್. ಭಗವತಿ, ಕೋಲು ಹಿಡಿದು ದುಡಿಸುವುದಷ್ಟೇ ಬಲವಂತವಲ್ಲ, ಹಸಿವು ಬಡತನಗಳು ಬೇರೆ ದಾರಿ ಬಿಡದೆ ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸಿದರೂ ಅದು ಬಲವಂತವೇ ಎಂದರು. ಮರುವರ್ಷದ ಸಂಜಿತ್ ರಾಯ್ ಪ್ರಕರಣ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ರಾಜಸ್ಥಾನದ ಅಜ್ಮೇರ್ ಜಿಲ್ಲೆಯಲ್ಲಿ ಮದನಗಂಜ್–ಹರ್ಮಾರಾ ರಸ್ತೆಗೆ ಬರಗಾಲದ ಪರಿಹಾರ ಕಾಮಗಾರಿ ನಡೆದಿತ್ತು. ಮಣ್ಣು ಹೊತ್ತವರಲ್ಲಿ ಹೆಚ್ಚಿನವರು ಪರಿಶಿಷ್ಟ ಜಾತಿಯ ಹೆಂಗಸರು. ಇದು ಬರ ಪರಿಹಾರ, ಉಪಕಾರ, ಕನಿಷ್ಠ ವೇತನ ಏಕೆ ಎಂಬುದು ಸರ್ಕಾರದ ಧಾಟಿ. ಅದಕ್ಕೆಂದೇ 1964ರ ವಿನಾಯಿತಿ ಕಾಯ್ದೆಯೂ ಇತ್ತು. ಕೋರ್ಟ್ ಒಪ್ಪಲಿಲ್ಲ. ಬರಗಾಲದವರು ಕಟ್ಟಿದ ರಸ್ತೆಯೂ ರಸ್ತೆಯೇ, ಅದರ ಲಾಭ ಸಮಾಜಕ್ಕೆ ಸಿಕ್ಕಿದೆ, ಇದು ದಾನವಲ್ಲ ಎಂಬುದು ಅದರ ನೋಟ. ಕರ್ನಾಟಕ ಹೈಕೋರ್ಟ್ 2011ರ ಸೆಪ್ಟೆಂಬರ್‌ನಲ್ಲಿ ಉದ್ಯೋಗ ಖಾತ್ರಿ ಕೂಲಿಯೂ ರಾಜ್ಯದ ಕನಿಷ್ಠ ವೇತನಕ್ಕಿಂತ ಕಡಿಮೆ ಇರಕೂಡದು ಎಂದದ್ದು ಇದೇ ದಾರಿಯಲ್ಲಿ. ವಿಲ್ಸನ್‌ಗೆ ಪತ್ರ ಹೋಗುವುದಕ್ಕೆ ಎರಡೇ ತಿಂಗಳು ಮುಂಚೆ!

ಹಾಗೆಂದು ನಾವು ಮೇಲು, ಅವರು ಕೀಳು ಎಂದು ಬೀಗುವಂತಿಲ್ಲ. ನಮ್ಮಲ್ಲಿ ಆ ತೀರ್ಪುಗಳು ಪುಸ್ತಕದಲ್ಲಿವೆ, ಕೂಲಿ ತಿಂಗಳುಗಟ್ಟಲೆ ಬಾಕಿ ಇರುತ್ತದೆ. ಅಲ್ಲಿ ಭತ್ಯೆಯಾದರೂ ಹೊತ್ತಿಗೆ ಸರಿಯಾಗಿ ಬರುತ್ತಿತ್ತು.

ಇನ್ನು ಚಿಕ್ಕ ಅಸ್ತ್ರ. ಗೆದ್ದದ್ದು ಅದೇ. 1995ರ ಜಾಬ್‌ಸೀಕರ್ಸ್ ಕಾಯ್ದೆಗೆ 2009ರಲ್ಲಿ 17ಎ ಎಂಬ ಕಲಮು ಸೇರಿತ್ತು. ನಿರುದ್ಯೋಗಿಗಳನ್ನು ‘ನಿಯಮಗಳಲ್ಲಿ ವಿವರಿಸಿದ ಬಗೆಯ’ ಯೋಜನೆಗಳಿಗೆ ಕಡ್ಡಾಯವಾಗಿ ಕಳಿಸಬಹುದು ಎಂದು ಅದು ಹೇಳುತ್ತದೆ. ಅಂದರೆ ಯೋಜನೆ ಹೇಗಿರುತ್ತದೆ ಎಂಬ ವಿವರ ನಿಯಮದಲ್ಲಿರಬೇಕು, ಸಂಸತ್ತಿನ ಕಣ್ಣಿಗೆ ಬೀಳಬೇಕು. 2011ರ ನಿಯಮ ಮಾಡಿದ್ದೇನು? ‘ಎಂಪ್ಲಾಯ್‌ಮೆಂಟ್, ಸ್ಕಿಲ್ಸ್ ಆ್ಯಂಡ್ ಎಂಟರ್‌ಪ್ರೈಸ್ ಸ್ಕೀಮ್’ ಎಂಬ ಒಂದು ದೊಡ್ಡ ಕೊಡೆ ಬಿಚ್ಚಿತು. ಆ ಹೆಸರಿನಿಂದ ಕರೆಯಲಾಗುವ, ಜನರಿಗೆ ಕೆಲಸ ಸಿಗಲು ನೆರವಾಗುವ ಯೋಜನೆಯೇ ಆ ಯೋಜನೆ ಎಂದಿತು. ಸಾರಿನ ವಿವರ ಕೊಡಿ ಎಂದರೆ ‘ಸಾರು ಎಂದು ಕರೆಯುವ, ಅನ್ನಕ್ಕೆ ಕಲಸಿಕೊಳ್ಳುವ ಪದಾರ್ಥ’ ಎಂದಂತೆ. ಪೌಂಡ್ ಅಂಗಡಿಯ ಎರಡು ವಾರವೂ ಅದೇ ಕೊಡೆಯ ಕೆಳಗೆ, ಪೀಠೋಪಕರಣ ಒರೆಸುವ ಆರು ತಿಂಗಳೂ ಅದೇ ಕೊಡೆಯ ಕೆಳಗೆ.

ಹೈಕೋರ್ಟ್ 2012ರ ಆಗಸ್ಟ್‌ನಲ್ಲಿ ನಿಯಮವನ್ನು ಉಳಿಸಿತ್ತು. 2013ರ ಫೆಬ್ರವರಿ 12ರಂದು ಅದರ ಮೇಲಿನ ಕೋರ್ಟ್ ಆಫ್ ಅಪೀಲ್ ನಿಯಮವನ್ನು ರದ್ದುಮಾಡಿತು. ಸುಪ್ರೀಂ ಕೋರ್ಟ್ ಆ ಮಾತನ್ನೇ ಎತ್ತಿಹಿಡಿಯಿತು. ವಿಲ್ಸನ್‌ಗೆ ಕಳಿಸಿದ ಪತ್ರದಲ್ಲೂ ಹುಳುಕು ಸಿಕ್ಕಿತು. ಮಾಡಬೇಕಾದ ಕೆಲಸದ ವಿವರ ನೋಟಿಸಿನಲ್ಲಿರಬೇಕು ಎಂದು ನಿಯಮವೇ ಹೇಳಿತ್ತು. ಪತ್ರದಲ್ಲಿದ್ದದ್ದು ‘ಅವರು ಹೇಳಿದ್ದನ್ನು ಮಾಡಿ’ ಎಂಬುದಷ್ಟೇ. ಶಿಕ್ಷೆಯ ಕಥೆಯೂ ಅಷ್ಟೆ. ಮೊದಲ ತಪ್ಪಿಗೆ 2 ವಾರ, ಎರಡನೆಯದಕ್ಕೆ 4 ವಾರ, ಆಮೇಲೆ 26 ವಾರ ಎಂಬುದು ನಿಯಮದ ಕ್ರಮ. ಪತ್ರ ಕೊನೆಯ ಅಂಕಿಯನ್ನು ಮಾತ್ರ ಎತ್ತಿ ತೋರಿಸಿತ್ತು. ‘ಹುಲಿ ಬಂತು’ ಎಂದು ಹೆದರಿಸುವುದಕ್ಕೆ ಸರಿ, ನೋಟಿಸಿಗೆ ಅಲ್ಲ. ಜನ ತಮ್ಮ ಆಕ್ಷೇಪ ಹೇಳಿಕೊಳ್ಳುವಷ್ಟು ಮಾಹಿತಿಯನ್ನು ಸರ್ಕಾರ ಮೊದಲೇ ಕೊಡಬೇಕು, ಇಲ್ಲದಿದ್ದರೆ ಅದು ನ್ಯಾಯವಲ್ಲ ಎಂದೂ ನ್ಯಾಯಮೂರ್ತಿಗಳು ಸೇರಿಸಿದರು.

ಇದನ್ನು ‘ತಾಂತ್ರಿಕ ಕಾರಣಕ್ಕೆ ಸೋಲು’ ಎಂದು ತಳ್ಳಿಹಾಕಿದವರೇ ಹೆಚ್ಚು. ನನಗೆ ಹಾಗನ್ನಿಸುವುದಿಲ್ಲ, ಕಾರಣ ಓದಿನದ್ದಲ್ಲ. ಕೆಲವು ವರ್ಷಗಳ ಹಿಂದೆ ಕಲ್ಯಾಣ ಕರ್ನಾಟಕದ ಒಂದು ಪಂಚಾಯಿತಿ ಕಚೇರಿಯಲ್ಲಿ ಕೂತಿದ್ದೆ. ಒಬ್ಬ ಹೆಂಗಸು ನಮೂನೆ 6 ತುಂಬಿಸಿಕೊಂಡು ಬಂದಿದ್ದರು, ಖಾತ್ರಿ ಕೆಲಸ ಕೇಳುವ ಅರ್ಜಿ ಅದು. ಮೇಜಿನ ಆಚೆಯವರು ತೆಗೆದುಕೊಂಡು ಫೈಲಿಗೆ ಸೇರಿಸಿ, “ಆಯ್ತು ಹೋಗವ್ವ, ಕೆಲಸ ಬಂದಾಗ ಹೇಳಿ ಕಳಸ್ತೀವಿ” ಎಂದರು. ಆಕೆ ಕದಲಲಿಲ್ಲ. “ಚೀಟಿ ಕೊಡ್ರಿ ಸರ.” “ಏನ್ ಚೀಟಿ?” “ಅರ್ಜಿ ಮುಟ್ಟೈತಂತ ಬರದು, ಸಿಕ್ಕಾ ಹಾಕಿ ಕೊಡ್ರಿ. ಹ್ವಾದ ಸಲ ಕೊಡಲಿಲ್ಲ ನೀವು.” ಕಾಲು ಗಂಟೆ ನಿಂತರು. ಕೊನೆಗೆ ಅರ್ಜಿಯ ಕೆಳಗಿನ ತುಂಡನ್ನು ಹರಿದು, ತಾರೀಖು ಬರೆದು, ಮಸಿ ಒಣಗಿದ ಸಿಕ್ಕಾವನ್ನು ಎರಡು ಸಲ ಒತ್ತಿ ಕೊಟ್ಟರು. ಆಕೆ ಅದನ್ನು ಮಡಿಚಿ ಎಲೆಯಡಿಕೆ ಸಂಚಿಯಲ್ಲಿ ಇಟ್ಟುಕೊಂಡರು.

ಆ ತುಂಡು ಕಾಗದದ ಬೆಲೆ ಆಕೆಗೆ ಗೊತ್ತಿತ್ತು. 2005ರ ಉದ್ಯೋಗ ಖಾತ್ರಿ ಕಾಯ್ದೆಯ ಪ್ರಕಾರ 15 ದಿನದೊಳಗೆ ಕೆಲಸ ಕೊಡದಿದ್ದರೆ ಮೊದಲ 30 ದಿನ ಕೂಲಿಯ ಕನಿಷ್ಠ ಕಾಲು ಭಾಗ, ಆಮೇಲೆ ಕನಿಷ್ಠ ಅರ್ಧ ನಿರುದ್ಯೋಗ ಭತ್ಯೆ ಕೊಡಬೇಕಿತ್ತು. ದಿನ ಎಣಿಕೆ ಶುರುವಾಗುತ್ತಿದ್ದದ್ದು ಆ ತಾರೀಖಿನಿಂದ. ಚೀಟಿ ಇಲ್ಲ ಎಂದರೆ ಅರ್ಜಿಯೇ ಇಲ್ಲ. ಬ್ರಿಟನ್ನಿನದು ಇದರ ತಲೆಕೆಳಗು: ಅಲ್ಲಿ ಮೊದಲು ಭತ್ಯೆ, ಅದಕ್ಕೆ ಷರತ್ತಾಗಿ ಕೆಲಸ; ಇಲ್ಲಿ ಮೊದಲು ಕೆಲಸದ ಕೇಳಿಕೆ, ಅದು ಸಿಗದಿದ್ದರೆ ಭತ್ಯೆ. ಆದರೆ ವಿಲ್ಸನ್ ಕೋರ್ಟಿನಲ್ಲಿ ಕೇಳಿದ್ದಕ್ಕೂ ಆ ಹೆಂಗಸು ಮೇಜಿನ ಮುಂದೆ ಕೇಳಿದ್ದಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಇಬ್ಬರೂ ಕೇಳಿದ್ದು ಬರೆದು ಕೊಡಿ ಎಂದು. ಸರ್ಕಾರದ ದುಡ್ಡಿನ ಮೇಲೆ ಬದುಕುವವನಿಗೆ ಬಾಯಿಮಾತೇ ಕಾನೂನು ಆಗಿಬಿಟ್ಟರೆ, ರೀಲಿಗೆ ಆದಂತೆ ಐಚ್ಛಿಕವಾದದ್ದೂ ಕಡ್ಡಾಯವಾಗುತ್ತದೆ.

ಆರೂಮುಕ್ಕಾಲಿನ ನಿಯಮ

ತೀರ್ಪು ಬಂದ ಫೆಬ್ರವರಿ 12ರ ಸಂಜೆಯೇ ಸರ್ಕಾರ ಹೊಸ ನಿಯಮಗಳನ್ನು ಹೊರಡಿಸಿತು. ಜಾರಿಗೆ ಬಂದ ಹೊತ್ತು ಸಂಜೆ 6.45 ಎಂದು ನಿಯಮದಲ್ಲೇ ಬರೆದಿದೆ. ಒಂದೊಂದು ಯೋಜನೆಗೂ ಬೇರೆ ಬೇರೆ ಹೆಸರು, ಬೇರೆ ಬೇರೆ ವಿವರ. ಮನಸ್ಸು ಮಾಡಿದ್ದರೆ 2011ರಲ್ಲೇ ಹೀಗೆ ಬರೆಯಬಹುದಿತ್ತು. ಸೋತರೆ ಇರಲಿ ಎಂದು ಕರಡನ್ನು ಮೊದಲೇ ಸಿದ್ಧಮಾಡಿ ಇಟ್ಟಿದ್ದರು ಎಂಬುದಂತೂ ಊಹಿಸಲು ಕಷ್ಟವಲ್ಲ.

ಮುಂದಿನದಕ್ಕೆ ಇದು ಪರಿಹಾರ, ಹಿಂದಿನದಕ್ಕೆ? ಹಳೆಯ ನಿಯಮ ರದ್ದಾದ ಮೇಲೆ ಅದರಡಿ ಭತ್ಯೆ ಕತ್ತರಿಸಿದ್ದೆಲ್ಲ ಅಕ್ರಮ. ಹಿಂದಿರುಗಿಸಬೇಕಾದ ಮೊತ್ತ 13 ಕೋಟಿ ಪೌಂಡ್‌ವರೆಗೂ ಹೋಗಬಹುದು ಎಂದು ಸರ್ಕಾರವೇ ಲೆಕ್ಕ ಹಾಕಿತು. ಅದನ್ನು ಕೊಡದಿರಲು ಹಿಡಿದ ದಾರಿ, ಕಾನೂನನ್ನೇ ಹಿಂದಿನ ತಾರೀಖಿನಿಂದ ಬದಲಿಸುವುದು. ಮಸೂದೆ ಮಂಡನೆ ಮಾರ್ಚ್ 14ಕ್ಕೆ. ಕೆಳಮನೆಯಲ್ಲಿ ಎಲ್ಲ ಹಂತಗಳೂ 19ರ ಒಂದೇ ದಿನದಲ್ಲಿ. 26ಕ್ಕೆ ರಾಣಿಯ ಅಂಕಿತ. ರದ್ದಾದ ನಿಯಮ ಮೊದಲಿನಿಂದಲೂ ಸಿಂಧುವಾಗಿತ್ತು, ಸರಿಯಿಲ್ಲದ ನೋಟಿಸೂ ಸರಿಯಾಗಿತ್ತು ಎಂದು ಆ ಕಾಯ್ದೆ ಹೇಳಿತು. ಆಟ ಸೋತ ಮೇಲೆ ಗೆರೆ ಎಳೆದುಕೊಳ್ಳುವುದನ್ನು ಮಕ್ಕಳ ಕುಂಟೆಬಿಲ್ಲೆಯಲ್ಲೂ ಯಾರೂ ಒಪ್ಪುವುದಿಲ್ಲ.

ವಿರೋಧ ಪಕ್ಷ ಲೇಬರ್, ಮತ ಹಾಕದೆ ಸುಮ್ಮನೆ ಕೂರುವುದೆಂದು ತೀರ್ಮಾನಿಸಿತು. ಅದರದೇ ನಲವತ್ತರಷ್ಟು ಸದಸ್ಯರು ಪಕ್ಷದ ಮಾತು ಮೀರಿ ವಿರುದ್ಧ ಮತ ಹಾಕಿದರು. ಸುಮ್ಮನೆ ಕೂತದ್ದಕ್ಕೆ ಪಕ್ಷಕ್ಕೆ ಸಿಕ್ಕದ್ದು, ಭತ್ಯೆ ಕಡಿತದ ಬಗ್ಗೆ ಒಂದು ಸ್ವತಂತ್ರ ಪರಿಶೀಲನೆಯ ಭರವಸೆ. ಮ್ಯಾಥ್ಯೂ ಓಕ್ಲಿ 2014ರ ಜುಲೈನಲ್ಲಿ ಆ ವರದಿ ಕೊಟ್ಟರು. ಅದರಲ್ಲಿ ಎದ್ದು ಕಂಡದ್ದು ಏನು ಗೊತ್ತೇ? ಜನರಿಗೆ ಕಳಿಸುವ ಪತ್ರಗಳು ಜಟಿಲ, ಕಾನೂನು ಭಾಷೆಯಲ್ಲಿ ಮುಳುಗಿವೆ, ಓದಿದವರಿಗೆ ಅರ್ಥವಾಗುವುದಿಲ್ಲ ಎಂಬ ಮಾತು. ವಿಲ್ಸನ್ ಕೈಗೆ ಬಂದ ಹಾಳೆಯ ಹತ್ತಿರಕ್ಕೇ ಕಥೆ ಮತ್ತೆ ಬಂದು ನಿಂತಿತು.

ಇಂಥ ಯೋಜನೆಗಳಿಂದ ಕೆಲಸವಾದರೂ ಸಿಗುತ್ತಿತ್ತೇ ಎಂಬುದು ಸಹಜ ಪ್ರಶ್ನೆ. ಅದೇ ಸಚಿವಾಲಯ 2008ರಲ್ಲಿ ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳ ಅನುಭವವನ್ನು ಶೆಫೀಲ್ಡ್‌ನ ಸಂಶೋಧಕರಿಂದ ಪರಿಶೀಲನೆ ಮಾಡಿಸಿತ್ತು. ಭತ್ಯೆಗೆ ಪ್ರತಿಯಾಗಿ ದುಡಿಸುವುದರಿಂದ ಕೆಲಸ ಸಿಗುವ ಸಾಧ್ಯತೆ ಹೆಚ್ಚುತ್ತದೆ ಎಂಬುದಕ್ಕೆ ಆಧಾರ ಕಡಿಮೆ, ಕೆಲಸ ಹುಡುಕುವ ಹೊತ್ತನ್ನೇ ಅದು ನುಂಗಿ ಕೆಡುಕೂ ಆಗಬಹುದು ಎಂಬುದು ಆ ವರದಿಯ ತೀರ್ಮಾನ. ವಾರಕ್ಕೆ 30 ಗಂಟೆ ಹಳೆಯ ಕಪಾಟು ಒರೆಸುವವನು ಲಾರಿ ಕಂಪನಿಗಳ ಬಾಗಿಲು ತಟ್ಟುವುದು ಯಾವಾಗ? ಮೂರು ವರ್ಷಗಳಲ್ಲಿ ಈ ವರದಿ ಕಪಾಟು ಸೇರಿತ್ತು.

ನಮ್ಮಲ್ಲಿ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಯುವನಿಧಿ ಶುರುವಾಯಿತು: ಪದವಿ ಮುಗಿಸಿ 180 ದಿನ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ‘ಸುಮ್ನೆ ಕೊಡೋ ಬದ್ಲು ಊರಿನ ಕೆರೆನಾದ್ರೂ ಹೂಳೆತ್ತಿಸ್ಬಾರ್ದಾ’ ಎಂಬ ಮಾತು ಚಹಾದಂಗಡಿಯಲ್ಲಿ ಕೇಳಿದ್ದೇನೆ. ಹೇಳುವವರು ಕೆಟ್ಟವರಲ್ಲ. ಕೆರೆ ಹೂಳೆತ್ತಿಸಲಿ, ಆದರೆ ದಿನಕ್ಕೆ ಎಷ್ಟು ಹೊತ್ತು, ಎಷ್ಟು ದಿನ, ಬಾರದಿದ್ದರೆ ಏನು ಕಡಿತ, ಅದು ಕೂಲಿಯೋ ಭತ್ಯೆಯೋ ಎಂದು ಬರೆದು ಕೊಟ್ಟ ಮೇಲೆ. ಅಷ್ಟು ಬರೆಯಲು ಕೂತರೆ ಬಹುಪಾಲು ಮಂದಿಗೆ ತಾವೇ ಹೇಳಿದ ಲೆಕ್ಕ ಕೂಡಿಬರುವುದಿಲ್ಲ.

ಆಮೇಲೆ

ಪ್ರಕರಣದ ಬಾಲ ಉದ್ದವಿದೆ. 2014ರ ಜುಲೈನಲ್ಲಿ ಹೈಕೋರ್ಟ್, ನಡೆಯುತ್ತಿರುವ ಮೊಕದ್ದಮೆಗಳ ನಡುವೆ ಕಾನೂನನ್ನು ಹಿಂದಕ್ಕೆ ಬದಲಿಸಿದ್ದು ನ್ಯಾಯಯುತ ವಿಚಾರಣೆಯ ಹಕ್ಕಿಗೆ ವಿರುದ್ಧ ಎಂದು ಘೋಷಿಸಿತು. 2016ರ ಏಪ್ರಿಲ್‌ನಲ್ಲಿ ಕೋರ್ಟ್ ಆಫ್ ಅಪೀಲ್ ಅದನ್ನು ಉಳಿಸಿತು. ಬ್ರಿಟನ್ನಿನ ಕೋರ್ಟುಗಳಿಗೆ ಸಂಸತ್ತಿನ ಕಾಯ್ದೆಯನ್ನು ರದ್ದುಮಾಡುವ ಅಧಿಕಾರವಿಲ್ಲ. ಹಕ್ಕಿಗೆ ಹೊಂದುವುದಿಲ್ಲ ಎಂದು ಹೇಳಿ ಕೈತೊಳೆದುಕೊಳ್ಳಬೇಕು.

ಭತ್ಯೆಗಾಗಿ ಕಡ್ಡಾಯವಾಗಿ ದುಡಿಸುವ ಮುಖ್ಯ ಯೋಜನೆಗಳನ್ನು ಮುಂದುವರಿಸುವುದಿಲ್ಲ ಎಂದು ಸರ್ಕಾರ 2015ರ ನವೆಂಬರ್‌ನಲ್ಲಿ, ಹೆಚ್ಚು ಸದ್ದಿಲ್ಲದೆ, ಹೇಳಿತು. ಅಂಥ ದುಡಿಮೆ ಪಡೆದ ಅಂಗಡಿಗಳು, ದತ್ತಿ ಸಂಸ್ಥೆಗಳ ಹೆಸರುಗಳನ್ನು ವರ್ಷಗಟ್ಟಲೆ ಗುಟ್ಟಾಗಿಟ್ಟು, ಕೋರ್ಟಿನಲ್ಲಿ ಸೋತು, 2016ರ ಜುಲೈನಲ್ಲಿ ಬಿಚ್ಚಿಟ್ಟಿತು.

2013ರ ಕಾಯ್ದೆಯ ತಪ್ಪನ್ನು ತಿದ್ದುವ ಆದೇಶ ಬಂದದ್ದು 2020ರಲ್ಲಿ, ವಿಲ್ಸನ್ ಪತ್ರಕ್ಕೆ ಒಂಬತ್ತು ವರ್ಷ ತುಂಬುವ ಹೊತ್ತಿಗೆ. ಅದರ ಲಾಭವೂ ಎಲ್ಲರಿಗಲ್ಲ. 2013ರ ಮಾರ್ಚ್ 26ಕ್ಕೆ ಮುಂಚೆಯೇ ಭತ್ಯೆ ಕಡಿತದ ವಿರುದ್ಧ ಮೇಲ್ಮನವಿ ಹಾಕಿ, ಅದು ಇತ್ಯರ್ಥವಾಗದೆ ಉಳಿದಿದ್ದವರಿಗೆ ಮಾತ್ರ. ಅದೇ ನಿಯಮದಡಿ ಭತ್ಯೆ ಕಳೆದುಕೊಂಡು, ಸರ್ಕಾರದ ಪತ್ರ ಅಂದ ಮೇಲೆ ಸರಿಯೇ ಇರಬೇಕು ಎಂದು ಮನೆಯಲ್ಲಿ ಕೂತವರಿಗೆ ಏನೂ ಬರಲಿಲ್ಲ.